ಮೊರಾವಿಯದ ಮಟ್ಟು, ಪಟ್ಟಣದ ಪಿಯಾನೋ

ಬೊಹೀಮಿಯ, ಮೊರಾವಿಯ, ಸ್ಲೊವಾಕಿಯ ಎಂಬ ಮಧ್ಯ ಯೂರೋಪಿನ ಮೂರು ನಾಡುಗಳ ಜನಪದ ಗೀತೆಯು ಸಂಗೀತಸಭೆಯನ್ನು ಸೇರಿದ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ಸಂಯೋಜಕರ ದೇಶಾಭಿಮಾನದಿಂದ ಆರಂಭಿಸುವರು. ಆ ಅಭಿಮಾನವು ಅಸತ್ಯವಲ್ಲವಾದರೂ, ನನ್ನ ಕುತೂಹಲವನ್ನು ಹೆಚ್ಚಾಗಿ ಸೆಳೆದಿರುವುದು ಆ ಹಾಡಿನ ಪಕ್ಕದಲ್ಲಿ ಬಂದು ಕುಳಿತ ವಾದ್ಯದ ಸಂಗತಿ. ಹಳ್ಳಿಯವರ ಮದುವೆಗಳಲ್ಲಿ, ಸುಗ್ಗಿಯ ಕೂಟಗಳಲ್ಲಿ ಕೇಳಿಬರುತ್ತಿದ್ದುದು ಪಿಟೀಲು, ಬ್ಯಾಗ್‌ಪೈಪು ಮತ್ತು ತಂತಿಗಳನ್ನು ಕಿರುಗೋಲುಗಳಿಂದ ಬಡಿದು ನುಡಿಸುವ ಸಿಂಬಲೋಂ. ಪಿಯಾನೋ ಎಂಬುದಾದರೋ ಪ್ರಾಗ್, ಬ್ರನೋ ಮೊದಲಾದ ಪಟ್ಟಣಗಳ ಅನುಕೂಲಸ್ಥರ ನಡುಮನೆಯ ಅಲಂಕಾರ. ಆ ಮನೆಗಳಲ್ಲಿ ಅನೇಕವು ಬಹುಕಾಲ ಜರ್ಮನ್ ಭಾಷೆಯನ್ನೇ ಗೌರವದ ಭಾಷೆಯೆಂದು ಎಣಿಸಿದ್ದವು. ಇಂತಹ ವಾದ್ಯವು ಕುರುಬರ ಹಾಡಿಗೂ ಹುಲ್ಲು ಕೊಯ್ಯುವವರ ಹಾಡಿಗೂ ಪಕ್ಕವಾದ್ಯವಾದಾಗ ಯಾರು ಯಾರಿಗೆ ಮಣಿಯಬೇಕಾಯಿತು ಎಂಬ ಪ್ರಶ್ನೆಗೆ ಒಬ್ಬೊಬ್ಬ ಸಂಯೋಜಕನು ಒಂದೊಂದು ಉತ್ತರವನ್ನು ಕೊಟ್ಟಿರುವನು.

ಉತ್ತರ ಕೊಡುವುದಕ್ಕೆ ಮೊದಲು ಹಾಡುಗಳು ಕಾಗದಕ್ಕೆ ಇಳಿಯಬೇಕಾಗಿದ್ದಿತು. ಯಾನ್ ಕೊಲ್ಲಾರನು 1834-35ರಲ್ಲಿ ಪ್ರಕಟಿಸಿದ ಸ್ಲೊವಾಕ್ ಗೀತೆಗಳ ಮಹಾಸಂಕಲನದಲ್ಲಿ ಸಾಹಿತ್ಯ ಮಾತ್ರವಿತ್ತು, ಮಟ್ಟುಗಳಿರಲಿಲ್ಲ. ಬೊಹೀಮಿಯದಲ್ಲಿ ಎರ್ಬೆನ್ ಕವಿಯು ಇದೇ ಕಾರ್ಯವನ್ನು ಕೈಗೊಂಡನು. ಆದರೆ ಮುಂದಿನ ಸಂಯೋಜಕರಲ್ಲಿ ಅನೇಕರು ಮತ್ತೆ ಮತ್ತೆ ಬಾಗಿಲು ತಟ್ಟಿದುದು ಫ್ರಾಂತಿಷೆಕ್ ಸುಷಿಲ್ ಎಂಬ ಕ್ಯಾಥೊಲಿಕ್ ಪಾದ್ರಿಯದು. ಬ್ರನೋ ನಗರದಲ್ಲಿ ದೇವತಾಶಾಸ್ತ್ರವನ್ನು ಬೋಧಿಸುತ್ತಿದ್ದ ಈತನು ಮೊರಾವಿಯದ ಹಳ್ಳಿಗಳನ್ನು ಸುತ್ತಿ, ಸಾಹಿತ್ಯವನ್ನೂ ಸ್ವರವನ್ನೂ ಜೊತೆಯಾಗಿ ಬರೆದುಕೊಂಡು, ಎರಡು ಸಾವಿರಕ್ಕೂ ಮಿಕ್ಕ ಹಾಡುಗಳನ್ನು 1853ರಿಂದ 1860ರವರೆಗೆ ಅಚ್ಚು ಹಾಕಿಸಿದನು.

1870ರ ದಶಕದ ನಡುವಿನಲ್ಲಿ ಪ್ರಾಗಿನ ವರ್ತಕನಾದ ಯಾನ್ ನೆಫ್ ಎಂಬಾತನ ಮನೆಯಲ್ಲಿ ಪಿಯಾನೋ ಪಾಠ ಹೇಳುತ್ತಿದ್ದ ಬಡ ಸಂಗೀತಗಾರನೊಬ್ಬನಿದ್ದನು. ಅವನೇ ಆಂಟೊನಿನ್ ದ್ವೊರ್ಝಾಕ್. ಮನೆಯವರು ಸುಷಿಲನ ಹಾಡುಗಳನ್ನು ಹಾಡಿಕೊಳ್ಳುತ್ತಿದ್ದರು. ಅವಕ್ಕೆ ಎರಡನೆಯ ಕಂಠವೊಂದನ್ನು ಸೇರಿಸಿಕೊಡಬೇಕೆಂದು ನೆಫ್ ಕೇಳಿದಾಗ, ಪಾಠದ ಮೇಷ್ಟ್ರು ಒಪ್ಪದೆ, ಸಾಹಿತ್ಯವನ್ನು ಮಾತ್ರ ಉಳಿಸಿಕೊಂಡು ಮಟ್ಟನ್ನು ತಾನೇ ರಚಿಸುವುದಾಗಿ ಹೇಳಿದನು. ಹೀಗೆ ಹುಟ್ಟಿದುವು ‘ಮೊರಾವಿಯದ ಯುಗಳಗೀತೆ’ಗಳು. ನೆಫ್ ಅವನ್ನು ಸ್ವಂತ ಖರ್ಚಿನಿಂದ ಮುದ್ರಿಸಿದನು. ಸರಕಾರದ ವಿದ್ಯಾರ್ಥಿವೇತನವನ್ನು ಬೇಡಿ ದ್ವೊರ್ಝಾಕನು ವಿಯೆನ್ನಾ ನಗರಕ್ಕೆ ಕಳುಹಿಸಿದ ಕೃತಿಗಳ ನಡುವೆ ಇವು ಬ್ರಾಮ್ಸನ ಕಣ್ಣಿಗೆ ಬಿದ್ದುವು. ಬ್ರಾಮ್ಸನು ಬರ್ಲಿನ್ನಿನ ಪ್ರಕಾಶಕ ಸಿಮ್ರಾಕನಿಗೆ ಶಿಫಾರಸು ಮಾಡಿದನು. 1878ರಲ್ಲಿ ಅವು ಪ್ರಕಟವಾದ ಬಳಿಕ ಅದೇ ಪ್ರಕಾಶಕನು ‘ಸ್ಲಾವ್ ನೃತ್ಯ’ಗಳನ್ನು ಕೇಳಿ ಬರೆಯಿಸಿದನು. ದ್ವೊರ್ಝಾಕನ ಲೋಕಕೀರ್ತಿಗೆ ಅಡಿಪಾಯವಾದುದು ಒಬ್ಬ ವರ್ತಕನ ನಡುಮನೆ ಎಂದರೆ ಅತಿಶಯೋಕ್ತಿಯಾಗದು. ಹಳ್ಳಿಯ ಮಟ್ಟನ್ನು ಬಿಟ್ಟುದಕ್ಕಾಗಿ ಅವನನ್ನು ಆಕ್ಷೇಪಿಸುವವರುಂಟು; ನನಗಾದರೋ ಅದು ವಿನಯವೆಂದೇ ತೋರುತ್ತದೆ, ಏಕೆಂದರೆ ಇತರರಂತೆ ಅವನು ಹಳ್ಳಿಯ ಮಟ್ಟನ್ನು ‘ತಿದ್ದಲು’ ಹೊರಡಲಿಲ್ಲ, ಅದನ್ನು ಅದರ ಪಾಡಿಗೆ ಬಿಟ್ಟನು. 1886ರ ‘ಜನಪದದ ಧಾಟಿಯಲ್ಲಿ’ ಎಂಬ ನಾಲ್ಕು ಹಾಡುಗಳ ಗುಚ್ಛದಲ್ಲಿಯೂ ಅವನ ಮಾರ್ಗವು ಇದೇ ಆಗಿರುವುದು.

ಇಲ್ಲಿ ಭೂಗೋಳವನ್ನು ಸ್ವಲ್ಪ ಗಮನಿಸಬೇಕು. ಪಶ್ಚಿಮದ ಬೊಹೀಮಿಯದ ಹಾಡುಗಳು ಬಹುಮಟ್ಟಿಗೆ ಕುಣಿತಕ್ಕೂ ವಾದ್ಯಕ್ಕೂ ಅಂಟಿಕೊಂಡವು. ಅವುಗಳ ಲಯ ನಿಯತ, ಸ್ವರಪಂಕ್ತಿ ಸರಳ, ಆದುದರಿಂದ ಪಿಯಾನೋವಿಗೆ ಅವು ಸುಲಭವಾಗಿ ಒಗ್ಗುತ್ತವೆ. ಪೂರ್ವದ ಮೊರಾವಿಯ ಮತ್ತು ಸ್ಲೊವಾಕಿಯದ ಹಾಡುಗಳಾದರೋ ಮಾತಿನ ಏರಿಳಿತವನ್ನು ಹಿಡಿದು ನಡೆಯುವವು. ಅಲ್ಲಿ ಲಯವು ತಾಳದ ಗೆರೆಗಳೊಳಗೆ ನಿಲ್ಲದು, ಪ್ರತಿಮಧ್ಯಮವು ಅನಿರೀಕ್ಷಿತವಾಗಿ ಮಿಂಚುವುದು, ಹಾಡು ತನ್ನ ಆಧಾರಸ್ವರದಿಂದ ಒಂದು ಪೂರ್ಣಸ್ವರದಷ್ಟು ಕೆಳಗಿಳಿದು ಅಲ್ಲಿಯೇ ತುಸು ಹೊತ್ತು ನೆಲೆಸಿ ಮರಳುವುದೂ ಉಂಟು. ಜರ್ಮನ್ ಪಾಠಶಾಲೆಯ ಸ್ವರಮೈತ್ರಿಯನ್ನು ಇಂತಹ ಹಾಡಿಗೆ ತೊಡಿಸಿದರೆ ಬೆಟ್ಟದವನಿಗೆ ಆಸ್ಥಾನದ ಅಂಗಿ ತೊಡಿಸಿದಂತಾಗುತ್ತದೆ.

ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವನು ಲೆಯೋಷ್ ಯಾನಾಚೆಕ್. 1854ರಲ್ಲಿ ಹುಕ್‌ವಾಲ್ಡಿ ಎಂಬ ಗ್ರಾಮದಲ್ಲಿ ಉಪಾಧ್ಯಾಯನೊಬ್ಬನ ಮಗನಾಗಿ ಹುಟ್ಟಿ, ಬಾಲ್ಯದಲ್ಲಿಯೇ ಬ್ರನೋ ನಗರದ ಮಠದ ಪಾಠಶಾಲೆಯನ್ನು ಸೇರಿದ ಆತನು, ದೊಡ್ಡವನಾದ ಮೇಲೆ ಹುಟ್ಟೂರಿನ ಕಡೆಗೆ ತಿರುಗಿ, ಭಾಷಾಪಂಡಿತನಾದ ಫ್ರಾಂತಿಷೆಕ್ ಬಾರ್ತೋಷನೊಡನೆ ಹಳ್ಳಿಗಳಲ್ಲಿ ಹಾಡುಗಳನ್ನು ಸಂಗ್ರಹಿಸತೊಡಗಿದನು. 1890ರಲ್ಲಿ ಇಬ್ಬರೂ ಸೇರಿ ‘ಗುಚ್ಛ’ವೊಂದನ್ನು ಹೊರತಂದರು, ಅನಂತರ 53 ಹಾಡುಗಳಿಗೆ ಯಾನಾಚೆಕನು ಪಿಯಾನೋ ಪಕ್ಕವಾದ್ಯವನ್ನು ಬರೆದು ‘ಗೀತೆಗಳಲ್ಲಿ ಮೊರಾವಿಯದ ಜನಪದ ಕಾವ್ಯ’ ಎಂದು ಹೆಸರಿಟ್ಟನು. ದ್ವೊರ್ಝಾಕನು ಬಿಟ್ಟುದನ್ನು ಇವನು ಹಿಡಿದನು: ಮಟ್ಟನ್ನು ಒಂದು ಸ್ವರವೂ ಕದಲದಂತೆ ಇಟ್ಟು, ಪಿಯಾನೋವನ್ನೇ ಹಳ್ಳಿಗೆ ಕರೆದೊಯ್ದನು. ಅವನ ಕೈಯಲ್ಲಿ ಪಿಯಾನೋ ಸಿಂಬಲೋಂ ಆಗುತ್ತದೆ. ಅದರ ಕಂಪಿಸುವ ಸ್ವರಗಳೂ ಥಟ್ಟನೆ ಚಿಮ್ಮುವ ಸ್ವರಗುಚ್ಛಗಳೂ ಮದುವೆಯ ಮೇಳದವರ ಕೈಚಳಕವನ್ನು ನೆನಪಿಗೆ ತರುತ್ತವೆ. ಕೆಲವು ಹಾಡುಗಳಲ್ಲಿ ಪಕ್ಕವಾದ್ಯವು ಎರಡು ಮೂರು ಸ್ವರಗಳ ತುಣುಕೊಂದನ್ನೇ ಹಿಡಿದು ಸುತ್ತುವುದು, ಅಷ್ಟೇ. ಆದರೂ ಹಾಡಿದವಳ ದುಃಖವೆಲ್ಲ ಆ ಸುತ್ತಿನಲ್ಲಿ ಬಂದು ಸೇರುತ್ತದೆ. 1909ರಿಂದ ಅವನ ಸಂಗಡಿಗರು ಎಡಿಸನ್ನನ ಫೋನೋಗ್ರಾಫನ್ನು ಹೊತ್ತು ಹಳ್ಳಿಗಳಿಗೆ ಹೋದರು. ಅಷ್ಟಕ್ಕೂ ಅವನ ಕಿವಿಗೆ ಯಂತ್ರ ಬೇಕಾಗಿರಲಿಲ್ಲವೆಂದು ಕಾಣುತ್ತದೆ. ಬೀದಿಯಲ್ಲಿ ಕೇಳಿದ ಮಾತುಗಳನ್ನೂ ಅವನು ಸ್ವರಲಿಪಿಯಲ್ಲಿ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಡುತ್ತಿದ್ದನು.

ವೀತೆಸ್ಲಾವ್ ನೊವಾಕನೂ, ಟ್ರನಾವಾ ಪಟ್ಟಣದ ಮಿಕುಲಾಷ್ ಶ್ನೈಡರ್-ಟ್ರನಾವ್ಸ್ಕಿಯೂ ಸ್ಲೊವಾಕ್ ಹಾಡುಗಳಿಗೆ ಮಾಡಿದ ಪಕ್ಕವಾದ್ಯಗಳು ಮನೆಮನೆಗೂ ಹೋದವು. ಅವು ಇಂಪಾಗಿವೆ, ನಾಡಿಗೆ ಬೇಕಾಗಿಯೂ ಇದ್ದವು, ಆದರೆ ಪಿಯಾನೋ ಅಲ್ಲಿ ಮತ್ತೆ ನಡುಮನೆಯ ಮರ್ಯಾದೆಗೆ ಮರಳುತ್ತದೆ.

ಮರ್ಯಾದೆಯನ್ನು ಸಂಪೂರ್ಣವಾಗಿ ಮುರಿದವನು ಹಂಗೇರಿಯವನು. ಬೆಲಾ ಬಾರ್ಟೋಕನು 1906ರಿಂದ 1918ರವರೆಗೆ ಸ್ಲೊವಾಕ್ ಹಳ್ಳಿಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಟ್ಟುಗಳನ್ನು ಸಂಗ್ರಹಿಸಿದ್ದನು. ಆಳುವ ಭಾಷೆಯ ಮನೆಯಲ್ಲಿ ಹುಟ್ಟಿದವನು ಆಳಿಸಿಕೊಂಡವರ ಹಾಡಿಗೆ ಇಷ್ಟು ಶ್ರಮಪಟ್ಟುದು ಅವನ ನಾಡಿನ ಕೆಲವರಿಗೆ ಹಿಡಿಸಲಿಲ್ಲ. 1924ರಲ್ಲಿ ಜ್ವೊಲೆನ್ ಪ್ರಾಂತದ ಐದು ಹಾಡುಗಳನ್ನು ತೆಗೆದುಕೊಂಡು ‘ಹಳ್ಳಿಯ ದೃಶ್ಯಗಳು’ ಎಂಬ ಕೃತಿಯನ್ನು ರಚಿಸಿದನು: ಹುಲ್ಲು ಕೊಯ್ಲು, ಮದುಮಗಳ ಮನೆ, ಮದುವೆ, ಜೋಗುಳ, ಹುಡುಗರ ಕುಣಿತ. ಇಲ್ಲಿ ಪಿಯಾನೋ ಹಾಡನ್ನು ಹಿಂಬಾಲಿಸುವುದಿಲ್ಲ, ಅದರೊಡನೆ ಸೆಣಸುತ್ತದೆ. ಕರ್ಕಶವೆಂದು ಮೊದಲು ತೋರುವ ಆ ಘರ್ಷಣೆಯಲ್ಲಿ ಹಳ್ಳಿಯ ಮಟ್ಟಿನ ಗಡಸುತನವು ಪ್ರಥಮ ಬಾರಿಗೆ ನಮ್ಮ ಕಿವಿಗೆ ತಾಗುತ್ತದೆ. ಅವನ ಮಹಾಸಂಗ್ರಹವಾದರೋ ಅವನ ಜೀವಮಾನದಲ್ಲಿ ಬೆಳಕನ್ನು ಕಾಣಲಿಲ್ಲ. ಮೊದಲ ಸಂಪುಟವು ಬ್ರಾತಿಸ್ಲಾವಾದಲ್ಲಿ 1959ರಲ್ಲಿ ಹೊರಬಿದ್ದಿತು.

1942ರ ಜೂನ್ 10ರಂದು ನಾಜಿಗಳು ಬೊಹೀಮಿಯದ ಲಿದಿತ್ಸೆ ಗ್ರಾಮವನ್ನು ನಾಶಮಾಡಿದರು. ಅದೇ ವರ್ಷ ಅಮೆರಿಕದಲ್ಲಿ ಯಾರ್ಮಿಲಾ ನೊವೊತ್ನಾ ಎಂಬ ಗಾಯಕಿಯು ಆ ಗ್ರಾಮದ ಹೆಸರಿನಲ್ಲಿ ಚೆಕ್ ಜನಪದ ಗೀತೆಗಳ ಧ್ವನಿಮುದ್ರಿಕೆಯನ್ನು ಮಾಡಿದಾಗ, ಪಿಯಾನೋವಿನ ಮುಂದೆ ಕುಳಿತಿದ್ದವನು ಚೆಕೊಸ್ಲೊವಾಕಿಯದ ದೇಶಭ್ರಷ್ಟ ಸರಕಾರದ ವಿದೇಶಾಂಗ ಮಂತ್ರಿಯಾದ ಯಾನ್ ಮಸಾರಿಕ್. ಅಮೆರಿಕದಲ್ಲಿಯೇ ಆಶ್ರಯ ಪಡೆದಿದ್ದ ಬೊಹುಸ್ಲಾವ್ ಮಾರ್ತಿನೂ ಆ ವರ್ಷವೇ ರಚಿಸಿದ ಎಂಟು ಹಾಡುಗಳನ್ನು ಈ ಮಸಾರಿಕನಿಗೆ ಅರ್ಪಿಸಿದನು. ಅನಂತರ ಬಂದುವು 1943ರ ‘ಒಂದು ಪುಟದ ಹಾಡುಗಳು’, 1944ರ ‘ಎರಡು ಪುಟಗಳ ಹಾಡುಗಳು’. ಸಾಹಿತ್ಯವೆಲ್ಲ ಮೊರಾವಿಯದ ಜನಪದದ್ದು, ಮಟ್ಟು ದ್ವೊರ್ಝಾಕನಲ್ಲಿಯಂತೆ ಸಂಯೋಜಕನದು. ಯುದ್ಧಕಾಲದ ಕೃತಿಗಳಾದರೂ ಅವುಗಳಲ್ಲಿ ಯುದ್ಧದ ಮಾತಿಲ್ಲ. ಪಿಯಾನೋ ಸಿಂಬಲೋಂ ಆಗಲೂ ಹವಣಿಸದೆ, ಹಾಡಿನೊಡನೆ ಸೆಣಸಲೂ ಹೋಗದೆ, ತಾನು ಹೇಳಬೇಕಾದ ಎರಡು ಮಾತುಗಳನ್ನು ಹೇಳಿ ಮುಗಿಸುತ್ತದೆ. ಎರಡು ಪುಟಗಳಿಗೆ ಬೆಳೆದ ಹಾಡುಗಳೂ ಮಾರ್ತಿನೂವಿನ ಸಿಂಫೊನಿಗಳ ಅಭಿಮಾನಿಗಳಿಗೆ ತೀರ ಚಿಕ್ಕವೆನಿಸಿದರೆ ಆಶ್ಚರ್ಯವಿಲ್ಲ. ಸುಷಿಲನ ಪುಸ್ತಕದಲ್ಲಿಯಾದರೋ ಅಂತಹ ಹಾಡು ಅರ್ಧ ಪುಟವನ್ನು ಮೀರುತ್ತಿದ್ದುದೇ ಅಪರೂಪ.