ಪುೞು ಹುಳುವಾಯಿತು, ೞ ‘ಫಾ’ ಆಯಿತು

ಕಂಪ್ಯೂಟರಿನ ತಂತ್ರಾಂಶದಲ್ಲಿ ಇರುವ ತಪ್ಪಿಗೆ ಆ ಕೆಲಸದವರು ‘ಬಗ್’ ಅಂತಾರೆ. ಬಗ್ ಅಂದರೆ ಹುಳು. ಹೆಸರು ಕಂಪ್ಯೂಟರಿಗಿಂತ ಹಳೆಯದು. ವಿದ್ಯುತ್ ದೀಪದ ಎಡಿಸನ್ 1878ರಲ್ಲಿ ಬರೆದ ಒಂದು ಕಾಗದದಲ್ಲೇ ತನ್ನ ಯಂತ್ರಗಳ ಸಣ್ಣಪುಟ್ಟ ತೊಂದರೆಗಳಿಗೆ ಈ ಮಾತು ಬಳಸಿದ್ದ. ನಿಜವಾದ ಹುಳುವೇ ಸಿಕ್ಕಿಬಿದ್ದದ್ದು 1947ರ ಸೆಪ್ಟೆಂಬರ್ 9ರಂದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ದೊಡ್ಡ ಯಂತ್ರ ಅವತ್ತು ಸರಿಯಾಗಿ ಓಡಲಿಲ್ಲ. ಬಿಚ್ಚಿ ನೋಡಿದರೆ ಒಂದು ರಿಲೇ ಒಳಗೆ ಪತಂಗ ಸಿಕ್ಕಿಕೊಂಡಿತ್ತು. ಕೆಲಸದವರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದರು, ಪಕ್ಕದಲ್ಲಿ ಒಂದು ಸಾಲು ತಮಾಷೆಯಾಗಿ ಬರೆದರು. ಆ ಪುಟ, ಆ ಪತಂಗ ಇವತ್ತಿಗೂ ಅಮೆರಿಕದ ವಸ್ತುಸಂಗ್ರಹಾಲಯದಲ್ಲಿ ಇವೆ.

ನಾನು ಹೇಳಹೊರಟಿರುವ ತಪ್ಪು ಕನ್ನಡದ್ದು. ಅದೂ ಒಂದು ಅಕ್ಷರದ್ದು. ಆ ಅಕ್ಷರ ಈ ‘ಹುಳು’ ಎಂಬ ಮಾತಿನ ಹೊಟ್ಟೆಯೊಳಗೇ ಒಂದು ಕಾಲಕ್ಕೆ ಕೂತಿತ್ತು. ಹಳಗನ್ನಡದಲ್ಲಿ ಹುಳುವಿಗೆ ಪುೞು ಅಂತಿದ್ದರು. ತಮಿಳಿನವರು ಇವತ್ತಿಗೂ ಪುೞು ಅನ್ನುತ್ತಾರೆ.

ಸೇಲಂ, ಧರ್ಮಪುರಿ ಕಡೆಯ ಕನ್ನಡದ ಮನೆಗಳ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಮಳೆ, ಶಾಲೆಯಲ್ಲಿ ಮೞೈ. ಮನೆಯಲ್ಲಿ ಕೋಳಿ, ಪೇಟೆಯಲ್ಲಿ ಕೋೞಿ. ಇಲ್ಲಿ ಏಳು, ಅಲ್ಲಿ ಏೞು. ಇಲ್ಲಿ ಬಾಳೆ, ಅಲ್ಲಿ ವಾೞೈ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ, ಅಂಗಳಿಗೆ ತಾಗಿಸದ ಹಾಗೆ ಹೊರಡಿಸುವ ಈ ಶಬ್ದವನ್ನು ಮೇಷ್ಟ್ರು ಹತ್ತು ಸಲ ಹೇಳಿಸಿ ಕಲಿಸುತ್ತಾರೆ. ತಮಿಳಿನವರಲ್ಲೂ ಎಲ್ಲರ ನಾಲಿಗೆಗೂ ಅದು ಬಗ್ಗುವುದಿಲ್ಲ ಬಿಡಿ. ಬಾಳೆಹಣ್ಣನ್ನು ‘ವಾಳಪ್ಪಳಂ’ ಅನ್ನುವವರಿದ್ದಾರೆ, ‘ವಾಯಪ್ಪಯಂ’ ಅನ್ನುವವರೂ ಇದ್ದಾರೆ. ಆದರೆ ಬರೆಯುವಾಗ ಅವರು ಅಕ್ಷರ ತಪ್ಪಿಸುವುದಿಲ್ಲ. ನಾವು ಬರಹದಲ್ಲೂ ಬಿಟ್ಟೆವು.

ಬಿಡುವುದಕ್ಕೆ ಮುಂಚೆ ಅದು ನಮ್ಮಲ್ಲೂ ಚೆನ್ನಾಗಿಯೇ ಓಡಾಡಿಕೊಂಡಿತ್ತು. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ಸಿಕ್ಕಿದ ಒಂದು ಕಂಬದ ಮೇಲೆ ನೊಳಂಬರ ರಾಜ ಮಹೇಂದ್ರನ ಕಾಲದ ಕನ್ನಡ ಶಾಸನ ಇದೆ. ಶಕ 815, ಅಂದರೆ ಕ್ರಿ.ಶ. 893. ನಿಧಿಯಣ್ಣ, ಚಂದಿಯಣ್ಣ ಎಂಬ ಇಬ್ಬರು ತಗಡೂರಿನಲ್ಲಿ ಬಸದಿ ಕಟ್ಟಿಸಿದರು, ನಿಧಿಯಣ್ಣ ರಾಜನಿಂದ ಮೂಲಪಳ್ಳಿ ಎಂಬ ಹಳ್ಳಿ ಪಡೆದು ಬಸದಿಗೆ ಬಿಟ್ಟ ಎನ್ನುವುದು ಅದರ ಸಂಗತಿ. ಸಾವಿರದ ನೂರು ವರ್ಷದ ಹಿಂದೆ ಧರ್ಮಪುರಿಯಲ್ಲಿ ಕನ್ನಡದಲ್ಲಿ ಕಲ್ಲು ಕೆತ್ತಿಸುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆ ಕಾಲದ ಕನ್ನಡ ಶಾಸನಗಳಲ್ಲಿ ೞ ಸಹಜವಾಗಿ ಬರುವ ಅಕ್ಷರ. ಕೆತ್ತುವವನಿಗೆ ಅದರಲ್ಲಿ ವಿಶೇಷ ಏನೂ ಇರಲಿಲ್ಲ.

ಆಮೇಲೆ ನಾಲಿಗೆ ಸಡಿಲವಾಯಿತು. ೞ ಇದ್ದ ಕಡೆ ಳ ಬಂತು. ಕೆಲವು ಕಡೆ ಅದು ಪಕ್ಕದ ಅಕ್ಷರದಲ್ಲಿ ಕರಗಿಹೋಯಿತು, ಕೞ್ತೆ ಕತ್ತೆಯಾದ ಹಾಗೆ. ಇದರಿಂದ ಒಂದು ನಷ್ಟವೂ ಆಯಿತು. ಆೞ್ ಅಂದರೆ ಮುಳುಗು, ಆಳ್ ಅಂದರೆ ಒಡೆತನ ಮಾಡು, ಇಲ್ಲವೇ ಕೆಲಸದ ಮನುಷ್ಯ. ಈಗ ಬಾವಿಯ ಆಳಕ್ಕೂ ಹೊಲದ ಆಳಿಗೂ ನಮ್ಮಲ್ಲಿ ಒಂದೇ ಳ. ತಮಿಳಿನಲ್ಲಿ ಆೞಂ ಬೇರೆ, ಆಳ್ ಬೇರೆ.

13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಜನ ಈ ಅಕ್ಷರಗಳನ್ನು ಕಲಸಿಬಿಟ್ಟಿದ್ದರು. ಅವನು ರಳ, ಕುಳ, ಕ್ಷಳ ಎಂದು ಬೇರೆ ಬೇರೆ ಹೆಸರಿಟ್ಟು, ಯಾವ ಯಾವ ಪದದಲ್ಲಿ ೞ ಬರಬೇಕು ಎಂದು ಪಟ್ಟಿಯನ್ನೇ ಕೊಟ್ಟ. ೞ ಅಂದರೆ ಅವನ ಲೆಕ್ಕದಲ್ಲಿ ರಳ. ಇಂಥ ಕಡೆ ಹೀಗೆ ಬರೆಯುತ್ತಿದ್ದಾರೆ, ಹಾಗೆ ಬರೆಯಬೇಕು ಅನ್ನುವ ಆ ಪಟ್ಟಿಯನ್ನು ನನ್ನ ಮಟ್ಟಿಗೆ ಕನ್ನಡದ ಮೊದಲ ಬಗ್ ವರದಿಗಳಲ್ಲಿ ಒಂದು ಅಂತಲೇ ಎಣಿಸುತ್ತೇನೆ. ಜನ ಕೇಳಲಿಲ್ಲ ಅನ್ನೋದು ಬೇರೆ ಮಾತು. ಮುಂದೆ ಕಿಟ್ಟೆಲ್ ಪಾದ್ರಿ 1872ರಲ್ಲಿ ಆ ಗ್ರಂಥವನ್ನು ಅಚ್ಚು ಹಾಕಿಸಿದ. 1894ರಲ್ಲಿ ಬಂದ ತನ್ನ ನಿಘಂಟಿನಲ್ಲೂ ೞ ಅಕ್ಷರವನ್ನು ಬಿಡದೆ ಗುರುತಿಸಿದ. ಅಚ್ಚಿನ ಮೊಳೆಯಲ್ಲಿ ಅಕ್ಷರ ಉಳಿಯಿತು.

ಇನ್ನು ಕಂಪ್ಯೂಟರಿನ ಕಾಲ. ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಅದಕ್ಕೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡಬೇಕು. ಮೊದಮೊದಲು ಒಬ್ಬೊಬ್ಬರು ಒಂದೊಂದು ಸಂಖ್ಯೆ ಕೊಟ್ಟುಕೊಂಡರು. ಒಂದು ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಕಾಗೆ ಗುಬ್ಬಿ ಕಾಲಿನ ಹಾಗೆ ಕಾಣುವುದನ್ನು ನೋಡದ ಮೇಷ್ಟ್ರು ಯಾರಿದ್ದಾರೆ! ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಇರಲಿ ಎಂದು 1991ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯೂನಿಕೋಡ್ ಒಕ್ಕೂಟ ಆಯಿತು. ಅದೇ ವರ್ಷ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು.

ಆ ಪಟ್ಟಿಯನ್ನು ಶಾಲೆಯ ಹಾಜರಿ ಪುಸ್ತಕ ಅಂದುಕೊಳ್ಳಿ. ದೇವನಾಗರಿ, ಬಂಗಾಳಿ, ತಮಿಳು, ತೆಲುಗು, ಕನ್ನಡ, ಮಲಯಾಳ ಹೀಗೆ ಒಂದೊಂದು ಲಿಪಿಗೆ 128 ಸಾಲಿನ ಒಂದೊಂದು ಪುಟ. ಸೊನ್ನೆಯಿಂದ ಎಣಿಕೆ. ಭಾರತ ಸರ್ಕಾರದ ಇಸ್ಕಿ ಎಂಬ ಹಳೆಯ ಪಟ್ಟಿಯ ಮೇಲೆ ಇದನ್ನು ಕಟ್ಟಿದ್ದರಿಂದ ಎಲ್ಲ ಪುಟಗಳಲ್ಲೂ ಒಂದೇ ಸಾಲಿನಲ್ಲಿ ಒಂದೇ ಜಾತಿಯ ಅಕ್ಷರ ಬರುವ ಹಾಗೆ ಮಾಡಿದ್ದಾರೆ. ಕ ಇದ್ದ ಸಾಲಿನಲ್ಲಿ ಎಲ್ಲರ ಕ, ಮ ಇದ್ದ ಸಾಲಿನಲ್ಲಿ ಎಲ್ಲರ ಮ. ತಮಿಳಿನ ೞ 52ನೇ ಸಾಲಿನಲ್ಲಿದೆ. ಮಲಯಾಳದ್ದೂ 52ರಲ್ಲೇ. ತೆಲುಗಿನ ಹಳೆಯ ೞ ತಡವಾಗಿ, 2014ರಲ್ಲಿ ಸೇರಿತು, ಅದೂ 52ರಲ್ಲೇ ಕೂತಿತು.

ಕನ್ನಡದ ೞ ಮಾತ್ರ ಹೋಗಿ 94ರಲ್ಲಿ ಕೂತಿದೆ. ದೇವನಾಗರಿ ಪುಟದ 94ನೇ ಸಾಲು ಯಾವುದು ಗೊತ್ತೆ? ಫ ಕೆಳಗೆ ಚುಕ್ಕೆ ಇಟ್ಟು ಬರೆಯುವ ‘ಫಾ’, ಇಂಗ್ಲಿಷಿನ ಫ್ಯಾನು, ಫೋನು ಅನ್ನುವಾಗ ಬರುವ ಶಬ್ದ. ಪಂಜಾಬಿಯ ಗುರುಮುಖಿ ಪುಟದಲ್ಲೂ 94 ಅಂದರೆ ಫಾ. ಕನ್ನಡ ಪುಟದಲ್ಲಿ ಆ ಸಾಲಿನಲ್ಲಿ ಚಿತ್ರ ಬರೆದದ್ದು ೞ, ಹೆಸರು ಬರೆದದ್ದು ‘ಕನ್ನಡ ಲೆಟರ್ ಫಾ’. ಹೆಸರು ಎಲ್ಲಿಂದ ಬಂದಿರಬಹುದು ಅನ್ನುವುದಕ್ಕೆ ಸಾಲಿನ ಸಂಖ್ಯೆಯೇ ಸುಳಿವು ಕೊಡುತ್ತದೆ. ಮುಖ ನಮ್ಮ ಹುಡುಗನದ್ದು, ಹೆಸರು ಪಕ್ಕದ ಶಾಲೆಯ ಹುಡುಗನದ್ದು.

ತಪ್ಪು ಗೊತ್ತಾದ ಮೇಲೆ ತಿದ್ದಿದರೆ ಆಯಿತಲ್ಲ ಅಂತ ನೀವು ಕೇಳುತ್ತೀರಿ. ಅಲ್ಲಿಯೇ ಇದೆ ಕಷ್ಟ. 1996ರ ಎರಡನೇ ಆವೃತ್ತಿಯಿಂದ ಯೂನಿಕೋಡಿನವರು ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದಾರೆ. ಒಮ್ಮೆ ಕೊಟ್ಟ ಹೆಸರು ಬದಲಾಗುವುದಿಲ್ಲ, ಒಮ್ಮೆ ಕೊಟ್ಟ ಸಂಖ್ಯೆ ಕದಲುವುದಿಲ್ಲ. ಹಟ ಅಂತ ಕಾಣುತ್ತದೆ, ಆದರೆ ಕಾರಣ ಇದೆ. ಪ್ರಪಂಚದ ತುಂಬ ಸಾವಿರಾರು ಜನ ಬರೆದ ತಂತ್ರಾಂಶಗಳು ಆ ಹೆಸರು ಹಿಡಿದೇ ಅಕ್ಷರವನ್ನು ಕರೆಯುತ್ತವೆ. ಇಲ್ಲಿ ಹೆಸರು ಬದಲಾದರೆ ಅಲ್ಲಿ ಓಡುತ್ತಿದ್ದದ್ದು ನಿಂತುಹೋಗುತ್ತದೆ. ಜಮೀನಿನ ಸರ್ವೆ ನಂಬರು ಚೆನ್ನಾಗಿಲ್ಲ ಅಂತ ಬದಲಾಯಿಸಿದರೆ ಪಟ್ಟಾ, ಚಿಟ್ಟಾ, ಅಜ್ಜನ ಕಾಲದ ಕ್ರಯಪತ್ರ ಎಲ್ಲವೂ ಏನಾಗುತ್ತವೆ ಯೋಚಿಸಿ.

ಹಾಗಾದರೆ ಏನು ಮಾಡಿದರು? ತಪ್ಪನ್ನು ಅಳಿಸಲಿಲ್ಲ, ಪಕ್ಕದಲ್ಲಿ ಸರಿ ಬರೆದರು. 2006ರ 5.0 ಆವೃತ್ತಿಯಲ್ಲಿ ತಿದ್ದುಪಡಿ ಹೆಸರುಗಳ ಒಂದು ಕಡತವನ್ನೇ ಹೊಸದಾಗಿ ಸೇರಿಸಿದರು. ಅದರಲ್ಲಿ ನಮ್ಮ ಅಕ್ಷರದ ಸಾಲೂ ಇದೆ. ‘ಫಾ’ ಎಂದು ಹೆಸರಾದದ್ದರ ಸರಿಯಾದ ಹೆಸರು ‘ಎಲ್ಎಲ್ಎಲ್ಎ’, ಅಂದರೆ ತಮಿಳು ೞ ಅಕ್ಷರಕ್ಕೆ ಅವರ ಪಟ್ಟಿಯಲ್ಲಿರುವ ಅದೇ ಹೆಸರು. ಕನ್ನಡದ ಪುಟದಲ್ಲೂ ಅಕ್ಷರದ ಕೆಳಗೆ, ಈ ಹೆಸರು ತಪ್ಪಿನಿಂದ ಬಂದದ್ದು ಎಂದು ಟಿಪ್ಪಣಿ ಹಾಕಿದ್ದಾರೆ.

ಕನ್ನಡಕ್ಕೆ ಮಾತ್ರ ಹೀಗಾಯಿತು ಅಂತ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ. ಲಾವೋ ದೇಶದ ಅಕ್ಷರಗಳ ಹೆಸರೂ ತಪ್ಪಿವೆ, ಅವೂ ಅದೇ ಕಡತದಲ್ಲಿವೆ. ಇಂಗ್ಲಿಷಿನವರದ್ದೇ ನೋಡಿ: ಒಂದು ಚಿಹ್ನೆಯ ಹೆಸರಿನಲ್ಲಿ ಬ್ರಾಕೆಟ್ ಎಂಬ ಪದದ ಸ್ಪೆಲಿಂಗು ತಪ್ಪಿ, ಕೆ ಮೊದಲು ಸಿ ಆಮೇಲೆ ಆಗಿದೆ. ಒಂದನೇ ಕ್ಲಾಸಿನ ಡಿಕ್ಟೇಷನ್ ತಪ್ಪು. ಅದೂ ಹಾಗೆಯೇ ಉಳಿದಿದೆ.

ಕನ್ನಡದ ಇನ್ನೊಂದು ತಪ್ಪನ್ನು ನಿಜವಾಗಿಯೂ ತಿದ್ದಿದರು. ಆ ಸಣ್ಣ ತಿದ್ದುಪಡಿ ಎಷ್ಟು ದೂರ ಹೋಯಿತು ಅನ್ನುವುದು ಸ್ವಾರಸ್ಯ. ದುಃಖ ಅನ್ನುವಾಗ ಖಕ್ಕೆ ಮುಂಚೆ ಬರುವ ವಿಸರ್ಗದ ಉಸಿರು ಗಂಟಲ ಕಡೆಗೆ ಸರಿಯುತ್ತದೆ, ಅಂತಃಪುರ ಅನ್ನುವಾಗ ಪಕ್ಕೆ ಮುಂಚೆ ತುಟಿಯ ಕಡೆಗೆ ಬರುತ್ತದೆ. ಇವೆರಡಕ್ಕೂ ಹಿಂದಿನವರು ಜಿಹ್ವಾಮೂಲೀಯ, ಉಪಧ್ಮಾನೀಯ ಎಂದು ಬೇರೆ ಬೇರೆ ಗುರುತು ಇಟ್ಟಿದ್ದರು. 2006ರಲ್ಲಿ ಯೂನಿಕೋಡಿನ ಕನ್ನಡ ಪುಟಕ್ಕೆ ಅವು ಸೇರಿದಾಗ, ಅಕ್ಷರ ಅಂತ ಅಲ್ಲ, ಬರೀ ಚಿಹ್ನೆ ಅಂತ ವರ್ಗ ಹಾಕಿದ್ದರು. ರೂಪಾಯಿ ಗುರುತು, ನಕ್ಷತ್ರದ ಗುರುತಿನ ಹಾಗೆ. 2010ರ 6.0 ಆವೃತ್ತಿಯಲ್ಲಿ ಇವು ಅಕ್ಷರಗಳೇ ಎಂದು ವರ್ಗ ತಿದ್ದಿದರು. ಹೆಸರು ಬದಲಿಸಬಾರದು, ವರ್ಗ ಬದಲಿಸಬಹುದು, ನಿಯಮ ಹಾಗಿದೆ.

ಅಷ್ಟಕ್ಕೇ ಇಂಟರ್ನೆಟ್ಟಿನ ವಿಳಾಸಗಳ ನಿಯಮ ನೋಡಿಕೊಳ್ಳುವವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಅವರ ನಿಯಮದಲ್ಲಿ ವಿಳಾಸದೊಳಗೆ ಅಕ್ಷರ ಬರಬಹುದು, ಚಿಹ್ನೆ ಬರಬಾರದು. ನಿನ್ನೆವರೆಗೆ ಬರಬಾರದ ಎರಡು ಕನ್ನಡದ ಗುರುತುಗಳು ಇವತ್ತು ಬರಬಹುದು ಎಂದಾಯಿತು. ನಿಯಮಕ್ಕೆ ಹೊಸ ವಿನಾಯಿತಿ ಬರೆಯಬೇಕೆ, ಬೇಡವೆ? 2011ರಲ್ಲಿ ಇದಕ್ಕೆಂದೇ 6452ನೇ ನಂಬರಿನ ಒಂದು ದಸ್ತಾವೇಜು ಹೊರಡಿಸಿದರು. ಅದರಲ್ಲಿ ಇದ್ದ ಚರ್ಚೆ ಮೂರೇ ಗುರುತುಗಳದ್ದು: ಕನ್ನಡದವು ಎರಡು, ಚೀನಾದ ಗಡಿಯ ತಾಯ್ ಲು ಎಂಬ ಜನರ ಒಂದು ಅಂಕಿ. ಏನೂ ಬದಲಿಸಬೇಕಾಗಿಲ್ಲ ಅಂತ ತೀರ್ಮಾನವಾಯಿತು. ಹೆಚ್ಚಿನ ಕನ್ನಡಿಗರು ಜೀವಮಾನದಲ್ಲಿ ಒಮ್ಮೆಯೂ ಬರೆಯದ ಎರಡು ಗುರುತುಗಳು ಇಡೀ ಇಂಟರ್ನೆಟ್ಟಿನ ಹಿರಿಯರನ್ನು ಕೂರಿಸಿ ಮಾತಾಡಿಸಿದವು!

ಇಂಥ ತಪ್ಪು ಕಂಡವರು ಸುಮ್ಮನೆ ‘ನಿಮ್ಮ ಕನ್ನಡ ಸರಿ ಇಲ್ಲ’ ಅಂತ ಬರೆದರೆ ಪ್ರಯೋಜನ ಇಲ್ಲ. ಯಾವ ಅಕ್ಷರ, ಯಾವ ಕ್ರಮದಲ್ಲಿ ಒತ್ತಿದಾಗ, ಏನು ಕಾಣಿಸಿತು, ಏನು ಕಾಣಬೇಕಿತ್ತು, ಅದಕ್ಕೆ ಆಧಾರ ಏನು, ಇಷ್ಟೂ ಬೇಕು. ಉದಾಹರಣೆಗೆ, ‘ಸೂರ್ಯ’ ಬರೆಯುವ ಕ್ರಮದಲ್ಲೇ ರ, ಅರ್ಧಾಕ್ಷರದ ಕೀಲಿ, ಯ ಒತ್ತಿ ‘ರ‍್ಯಾಂಕ್’ ಬರೆಯಹೋದರೆ ಮೊದಲಲ್ಲೇ ಅರ್ಕಾವೊತ್ತು ಬಂದು ನಿಲ್ಲುತ್ತದೆ. ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಗುರುತು ಹಾಕಿದರೆ ಮಾತ್ರ ಯ ಕೆಳಗೆ ಇಳಿಯುತ್ತದೆ. ಇದು ತಪ್ಪಲ್ಲ, ಕ್ರಮ. ಯಾವುದು ತಪ್ಪು, ಯಾವುದು ಕ್ರಮ ಅಂತ ವಿಂಗಡಿಸಿ ಹೇಳಬಲ್ಲವರಿಂದಲೇ ಕೆಲಸ ಆಗುವುದು. ಹಾಗೆ ಆಧಾರ ಸಮೇತ ಬರೆದವರಿಂದಲೇ ಹಳೆಯ ಬರಹಗಳ ನಕಾರ ಪೊಲ್ಲು 2021ರಲ್ಲಿ ಕನ್ನಡದ ಪುಟ ಸೇರಿತು, ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಬೇಕಾದ ಮೇಲಿನ ಬಿಂದು 2022ರಲ್ಲಿ ಸೇರಿತು. ಇವುಗಳಿಗೆ ಪುರಾವೆ ಅಂದರೆ ಹಳೆಯ ಪುಸ್ತಕದ ಪುಟ, ಶಾಸನದ ಅಚ್ಚು, ಕೈಬರಹದ ಫೋಟೋ.

ನಮ್ಮ ಕಡೆ ಇದರಿಂದ ಆಗಬೇಕಾದ ಕೆಲಸ ಒಂದಿದೆ. ಶಾಸನದ ಪಾಠ ನೋಡಿ ಟೈಪು ಮಾಡುವ ಹುಡುಗರು ೞ ಬಂದ ಕಡೆ ಕೀಲಿ ಸಿಗದೆ ಳ ಹಾಕಿ ಮುಂದೆ ಹೋಗುತ್ತಾರೆ. ಓದುವುದಕ್ಕೆ ವ್ಯತ್ಯಾಸ ಕಾಣದು. ಆದರೆ ಯಂತ್ರಕ್ಕೆ ಅವು ಎರಡು ಬೇರೆ ಸಂಖ್ಯೆ. ನಾಳೆ ಯಾರಾದರೂ ಪುೞು ಅಂತ ಹುಡುಕಿದರೆ ಪುಳು ಅಂತ ಹೊಡೆದದ್ದು ಸಿಗುವುದಿಲ್ಲ, ತಮಿಳಿನ ಪುೞು ಜೊತೆ ಅದನ್ನು ಇಟ್ಟು ನೋಡುವುದಕ್ಕೂ ಆಗುವುದಿಲ್ಲ. ಕೀಲಿಮಣೆಯಲ್ಲಿ ೞ ಕಾಣದಿದ್ದರೆ ಅಕ್ಷರಗಳ ಪಟ್ಟಿ ತೆರೆದು, ಕನ್ನಡದ ಪುಟದಲ್ಲಿ ‘ಫಾ’ ಅಂತ ಹೆಸರಿರುವ ಕಡೆ ಹುಡುಕಬೇಕು. 52ನೇ ಸಾಲಿನಲ್ಲಿ ಹುಡುಕಿದರೆ ಸಿಗದು. ಆ ಸಾಲು ಕನ್ನಡದ ಪುಟದಲ್ಲಿ ಇವತ್ತಿಗೂ ಖಾಲಿ ಇದೆ.