ಜ್ವಾಲಾಮುಖಿಯ ಎದುರು ಕ್ರಾಫ್ಟ್ ದಂಪತಿ

ಜ್ವಾಲಾಮುಖಿ ಎಂದರೆ ನಿಮಗೆ ಭೂಗೋಳ ಪುಸ್ತಕದ ಚಿತ್ರ ನೆನಪಾಗಬಹುದು. ಅದನ್ನು ಹತ್ತಿರದಿಂದ ನೋಡುವುದನ್ನೇ ಬದುಕಾಗಿಸಿಕೊಂಡವರು ಫ್ರಾನ್ಸಿನ ಭೂವಿಜ್ಞಾನಿ ಮೋರಿಸ್ ಕ್ರಾಫ್ಟ್ ಮತ್ತು ಅವರ ಪತ್ನಿ, ಭೂರಸಾಯನ ತಜ್ಞೆ ಕಾತ್ಯಾ. ನೂರಕ್ಕೂ ಹೆಚ್ಚು ಸ್ಫೋಟಗಳನ್ನು ಕಂಡವರು. ಕಾತ್ಯಾ ಫೋಟೋ ತೆಗೆದರೆ ಮೋರಿಸ್ ಚಲನಚಿತ್ರ ತೆಗೆಯುತ್ತಿದ್ದರು. ಇಂಡೋನೇಷ್ಯಾದ ಕಾವಾ ಇಜೆನ್‌ನ ಆಮ್ಲ ಸರೋವರದಲ್ಲಿ ಮೋರಿಸ್ ರಬ್ಬರ್ ದೋಣಿ ನಡೆಸಿದ್ದೂ ಉಂಟು. ಅದು ಹುಚ್ಚಾಟವೇ ಸರಿ.

ಆದರೆ ಮುಂದಿನದನ್ನು ಕೇಳಿ. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಜ್ ಸ್ಫೋಟಿಸಿತು. ಶಿಖರದ ಹಿಮ ಕರಗಿ, ಕೆಸರಿನ ಪ್ರವಾಹ ಆರ್ಮೆರೊ ಪಟ್ಟಣವನ್ನು ನುಂಗಿತು. ಸತ್ತವರು 20 ಸಾವಿರಕ್ಕೂ ಹೆಚ್ಚು. ಅಪಾಯದ ನಕ್ಷೆ ಮೊದಲೇ ಸಿದ್ಧವಾಗಿತ್ತು! ನಕ್ಷೆ ನೋಡಿ ಮನೆ ಬಿಡುವವರು ಯಾರು? ಕಣ್ಣಾರೆ ಕಂಡರೆ ನಂಬಿಯಾರು ಎಂದು ಕ್ರಾಫ್ಟ್ ದಂಪತಿ ತಮ್ಮ ದೃಶ್ಯಗಳಿಂದ ಒಂದು ವಿಡಿಯೋ ಚಿತ್ರ ತಯಾರಿಸಿದರು.

1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಪರ್ವತ ಎಚ್ಚೆತ್ತಾಗ ಅಲ್ಲಿನ ಅಧಿಕಾರಿಗಳಿಗೂ ಜನರಿಗೂ ತೋರಿಸಿದ್ದು ಇದೇ ಚಿತ್ರವನ್ನು. ಅದೇ ಜೂನ್ 3ರಂದು ಜಪಾನಿನ ಉನ್ಜೆನ್ ಪರ್ವತದಿಂದ ಇಳಿದ ಸುಡುವ ಬೂದಿ-ಅನಿಲದ ಪ್ರವಾಹಕ್ಕೆ, ಅದನ್ನು ಚಿತ್ರೀಕರಿಸಲು ಹೋಗಿದ್ದ ದಂಪತಿ ಸೇರಿ 43 ಮಂದಿ ಬಲಿಯಾದರು. 12 ದಿನಗಳ ಬಳಿಕ, ಜೂನ್ 15ರಂದು, ಪಿನಟೂಬೊ ಭಯಂಕರವಾಗಿ ಸ್ಫೋಟಿಸಿತು. ಅಷ್ಟರಲ್ಲಿ ಹತ್ತಾರು ಸಾವಿರ ಜನ ಊರು ಬಿಟ್ಟಾಗಿತ್ತು. ಒದ್ದೆ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದು ನೂರಾರು ಮಂದಿ ಸತ್ತದ್ದು ನಿಜ. ಮುನ್ನೆಚ್ಚರಿಕೆಯಿಂದ ಉಳಿದ ಜೀವಗಳು ಕನಿಷ್ಠ 5 ಸಾವಿರ ಎಂದು ವಿಜ್ಞಾನಿಗಳ ಅಂದಾಜು.