ಟಾಮ್ ವಿಲ್ಸ್: ಆಟ ಮತ್ತು ನೆತ್ತರು

ಚಳಿಗಾಲ ಬಂದಿತೆಂದರೆ ಕ್ರಿಕೆಟ್ ಆಟಗಾರನು ಮಾಡಬೇಕಾದುದೇನು? ಈ ಸಣ್ಣ ಪ್ರಶ್ನೆಯಿಂದ ಆಸ್ಟ್ರೇಲಿಯಕ್ಕೆ ಅದರದೇ ಆದ ಆಟವೊಂದು ದೊರೆಯಿತು. 1858ರ ಜುಲೈ 10ರಂದು ಮೆಲ್ಬರ್ನಿನ ಕ್ರೀಡಾಪತ್ರಿಕೆಯೊಂದರಲ್ಲಿ ಟಾಮ್ ವಿಲ್ಸ್ ಎಂಬ 22 ವರ್ಷದ ತರುಣನ ಪತ್ರ ಪ್ರಕಟವಾಯಿತು. ಆಟಗಾರರು ಜಡರಾಗದಂತೆ ಕಾಲ್ಚೆಂಡಿನ ಸಂಘವನ್ನು ಕಟ್ಟಬೇಕು, ಅದಾಗದಿದ್ದರೆ ಬಂದೂಕಿನ ಗುರಿಕಾರರ ಸಂಘವನ್ನಾದರೂ ಕಟ್ಟಬೇಕು ಎಂಬುದು ಆತನ ಸೂಚನೆ. ಮರುವರ್ಷದ ಮೇ 17ರಂದು ಆತನೂ ಸಂಗಡಿಗರೂ ಕೂಡಿ ಹತ್ತು ನಿಯಮಗಳನ್ನು ರಚಿಸಿದರು. ಇಂದಿನ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿಗೆ ಅವೇ ಮೂಲ.

ವಿಲ್ಸ್ ಹುಟ್ಟಿದ್ದು 1835ರಲ್ಲಿ. ತಂದೆ ಹೊರೇಷಿಯೋ ಕುರಿಸಾಕಣೆಗೆಂದು ವಿಕ್ಟೋರಿಯದ ಪಶ್ಚಿಮ ಸೀಮೆಯಲ್ಲಿ ನೆಲೆಸಿದಾಗ, ಜಾಬ್ ವುರುಂಗ್ ಮೂಲನಿವಾಸಿಗಳ ಮಕ್ಕಳು ಬಾಲಕನ ಒಡನಾಡಿಗಳಾದರು. ಅವರ ನುಡಿಯನ್ನೂ ಹಾಡು ಕುಣಿತಗಳನ್ನೂ ಆತ ಕಲಿತ. ಮುಂದೆ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದಿ, ಅಲ್ಲಿನ ಕ್ರಿಕೆಟ್ ತಂಡದ ನಾಯಕನಾಗಿ, 1856ರಲ್ಲಿ ಮರಳಿದ. ಮೂಲನಿವಾಸಿಗಳ ಮಾರ್ನ್‌ಗ್ರೂಕ್ ಎಂಬ ಚೆಂಡಾಟವೇ ಹೊಸ ಆಟಕ್ಕೆ ಪ್ರೇರಣೆಯೆಂದು ಕೆಲವರು ವಾದಿಸುತ್ತಾರೆ. ಬಾಲ್ಯದ ಆ ಒಡನಾಟಕ್ಕೆ ದಾಖಲೆಯುಂಟು. ಆಟದ ಋಣಕ್ಕೆ ನೇರ ದಾಖಲೆಯಿಲ್ಲ. ಮೊದಲ ನಿಯಮಗಳಲ್ಲಿ ಕಾಣುವುದು ಇಂಗ್ಲಿಷ್ ಶಾಲೆಗಳ ಆಟದ ಛಾಯೆ.

1861ರಲ್ಲಿ ವಿಲ್ಸ್ ತಂದೆಯೊಡನೆ ಕ್ವೀನ್ಸ್‌ಲ್ಯಾಂಡಿನ ಕಲಿನ್-ಲಾ-ರಿಂಗೋ ಎಂಬಲ್ಲಿಗೆ ತೆರಳಿದ. ಅಕ್ಟೋಬರ್ 17ರಂದು ಅಲ್ಲಿನ ಮೂಲನಿವಾಸಿಗಳ ದಾಳಿಯಲ್ಲಿ ಹೊರೇಷಿಯೋ ಸೇರಿ 19 ಮಂದಿ ಹತರಾದರು. ಸಾಮಾನು ತರಲು ಹೋಗಿದ್ದ ಮಗ ಉಳಿದುಕೊಂಡ. ಪ್ರತೀಕಾರಕ್ಕೆ ಹೊರಟ ಬಿಳಿಯರೂ ಪೊಲೀಸರೂ ಅದರ ಹಲವು ಪಟ್ಟು ಜನರನ್ನು ಕೊಂದರು.

ಐದು ವರ್ಷಗಳ ಬಳಿಕ, 1866ರ ಡಿಸೆಂಬರ್ 26ರಂದು, ಇದೇ ವಿಲ್ಸ್ ಮೆಲ್ಬರ್ನಿನ ಮೈದಾನಕ್ಕೆ ಮೂಲನಿವಾಸಿಗಳ ಕ್ರಿಕೆಟ್ ತಂಡದ ನಾಯಕನಾಗಿ ಇಳಿದ. ಅವರನ್ನು ಪಳಗಿಸಿದವನೂ ಆತನೇ. ಆ ಆಟಗಾರರಲ್ಲಿ ಹಲವರು 1868ರಲ್ಲಿ, ವಿಲ್ಸ್ ಇಲ್ಲದೆಯೇ, ಇಂಗ್ಲೆಂಡಿಗೆ ಹೋದರು. ಆಸ್ಟ್ರೇಲಿಯದಿಂದ ಹೊರನಾಡಿಗೆ ಹೋದ ಮೊದಲ ಕ್ರಿಕೆಟ್ ತಂಡ ಅದು.

ಇದನ್ನು ಕ್ಷಮೆಯ ಕಥೆಯೆಂದು ಬಹುಕಾಲ ಓದಲಾಯಿತು. ಆದರೆ 2021ರಲ್ಲಿ, 1895ರ ಷಿಕಾಗೋ ಪತ್ರಿಕೆಯ ಬರಹವೊಂದು ಬೆಳಕಿಗೆ ಬಂದಿತು. ಪ್ರತೀಕಾರದ ಕೊಲೆಗಳಲ್ಲಿ ವಿಲ್ಸ್ ಸ್ವತಃ ಪಾಲ್ಗೊಂಡನೆಂದು ಅದು ಹೇಳುತ್ತದೆ. ಆತ ಸತ್ತು 15 ವರ್ಷಗಳ ಮೇಲೆ ಅಚ್ಚಾದ ಆ ಮಾತನ್ನು ಎಷ್ಟು ನಂಬಬಹುದೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ.

ಕುಡಿತದಿಂದ ಜರ್ಜರನಾದ ವಿಲ್ಸ್ 1880ರ ಮೇ 2ರಂದು, ತನ್ನ 44ನೆಯ ವಯಸ್ಸಿನಲ್ಲಿ, ಆತ್ಮಹತ್ಯೆ ಮಾಡಿಕೊಂಡ. ಸಮಾಧಿಗೆ ಕಲ್ಲು ನಿಂತದ್ದು 1980ರಲ್ಲಿ. ಮೆಲ್ಬರ್ನಿನ ಮೈದಾನದ ಹೊರಗೆ ಈಗ ಆತನ ಪ್ರತಿಮೆಯೂ ಇದೆ. ಅದರ ಮುಂದೆ ನಿಂತವರು 1866ನ್ನು ನೆನೆಯುವಾಗ 1861ನ್ನೂ ಜೊತೆಗೇ ನೆನೆಯಬೇಕಾಗುತ್ತದೆ.